ತಂಗಿಯ ಹಾಲು

ನನಗೆ ಹಾಲು ಧಾರಾಳವಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಕೇಳಿದವರೆಲ್ಲ ನನಗೆ ಹಾಲೇ ಇರಲಿಲ್ಲವೆಂದು ತಿಳಿದು ಅಯ್ಯೋ ಪಾಪ ಅನ್ನುತ್ತಾರೆ. ಆ ಪಾಪ ನನಗೆ ಬೇಡ. ಮಗಳು ಬಾಯಿಟ್ಟರೆ ನುಂಗಲಾರದೆ ಕೆಮ್ಮುವಷ್ಟು ಹಾಲಿತ್ತು. ಹಾಲು ಸಾಲದೆ ಒದ್ದಾಡುತ್ತಿದ್ದವಳು ನನ್ನ ತಂಗಿ. ಅವಳ ಮಗ ಒಂದು ಕಡೆ ಬರಿದು ಮಾಡಿ, ಇನ್ನೊಂದು ಕಡೆಗೂ ಬಾಯಿ ಹಾಕಿ, ಅದೂ ಸಾಲದೆ ಮನೆ ಹಾರಿಹೋಗುವಂತೆ ಅಳುತ್ತಿದ್ದ. ಆ ಅಳು ಕೇಳಿದಾಗ ನನಗೆ ಒಳಗೊಳಗೇ ಹಿತವಾಗುತ್ತಿತ್ತು. ಹುಟ್ಟಿದಾಗಿನಿಂದ ಎಲ್ಲದರಲ್ಲೂ ಅವಳ ಪಾಲೇ ದೊಡ್ಡದು, ಇದೊಂದರಲ್ಲಾದರೂ ನನಗೆ ಹೆಚ್ಚು ಬಂತಲ್ಲ ಎಂದು.

ನಾವಿಬ್ಬರೂ ಒಂದೇ ಸಲಕ್ಕೆ ಬಾಣಂತನಕ್ಕೆಂದು ತವರಿಗೆ ಬಂದಿದ್ದೆವು. ತವರು ಹಳಿಯಾಳದ ಹತ್ತಿರದ ತೇರಗಾಂವ. ನಾನು ದಾಂಡೇಲಿಯಿಂದ ಬಂದವಳು, ಅವಳು ಮುಂಡಗೋಡದಿಂದ. ನನಗಿಂತ ಆಮೇಲೆ ಮದುವೆಯಾದವಳು ಅವಳು, ನನಗಿಂತ ಮೊದಲು ತಾಯಿಯಾದವಳೂ ಅವಳೇ. ನಾನು ವರ್ಷಗಟ್ಟಲೆ ಗುಳಿಗೆ ನುಂಗಿ, ಹರಕೆ ಹೊತ್ತು, ಕಂಡಕಂಡವರ ಉಪದೇಶ ಕೇಳಿ, ಕೊನೆಗೂ ಬಸುರಾದೆ. ಆ ಸುದ್ದಿ ಹೇಳಲು ಅವ್ವನಿಗೆ ಫೋನ್ ಮಾಡಿದರೆ ಅವ್ವ ನಕ್ಕಳು. "ನಿನ್ನ ತಂಗೀಗೂ ಮತ್ತ ನಿಂತೈತಿ ನೋಡು" ಅಂದಳು. ನನ್ನ ಸುದ್ದಿಗೆ ಅರ್ಧ ಗಳಿಗೆಯ ಆಯುಷ್ಯವೂ ಇರಲಿಲ್ಲ.

ನಮ್ಮ ಕಡೆ ಚೊಚ್ಚಲು ಹೆರಿಗೆ ತವರಿನದು, ಎರಡನೆಯದು ಅತ್ತೆಮನೆಯದು. ಆ ಲೆಕ್ಕದಲ್ಲಿ ಈ ಸರದಿ ಪೂರ್ತಿ ನನ್ನದಾಗಬೇಕಿತ್ತು. ಆದರೆ ತಂಗಿಯ ಅತ್ತೆ ಹಿತ್ತಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡರು. ಬಾಣಂತನ ಮಾಡುವವರಿಲ್ಲವೆಂದು ಅವಳು ದೊಡ್ಡ ಮಗಳನ್ನು ಅಲ್ಲೇ ನಾದಿನಿಯ ಹತ್ತಿರ ಬಿಟ್ಟು, ಹೊಟ್ಟೆ ಹೊತ್ತುಕೊಂಡು ಬಂದೇಬಿಟ್ಟಳು. ಬರುವಾಗ ಎರಡು ಉಣ್ಣೆ ಟೊಪ್ಪಿಗೆ ತಂದಿದ್ದಳು, ಮುಂಡಗೋಡದ ಟಿಬೇಟಿಯನ್ ಕ್ಯಾಂಪಿನಲ್ಲಿ ಕೊಂಡದ್ದು. ಒಂದು ತನ್ನ ಮಗುವಿಗೆ, ಒಂದು ನನ್ನದಕ್ಕೆ. ನಾನು ಚೆಂದ ಇದೆ ಅಂದೆ. ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಬರೆಯುವುದು ಬೇಡ.

ಅವಳಿಗೆ ಗಂಡು ಹುಟ್ಟಿತು, ದುಂಡಗೆ, ಗುಂಡುಕಲ್ಲಿನ ಹಾಗೆ. ಅದಾದ ಮೇಲೆ ನನ್ನದು, ದಿನ ತುಂಬುವ ಮೊದಲೇ, ಸಣ್ಣ ಹೆಣ್ಣು ಕೂಸು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಆದರೆ ನನ್ನ ಮಗಳು ನಿಜವಾಗಿಯೂ ಚೆಲುವೆಯಾಗಿದ್ದಳು. ನೋಡಲು ಬಂದ ಹೆಂಗಸರು ಮೊದಲು ಆ ಕಡೆ ಹೋಗಿ, "ಏನ್ ಮೈ ಕೈ ತುಂಬ್ಕೊಂಡಾನ ಯವ್ವಾ" ಎಂದು ಹೊಗಳಿ, ಆಮೇಲೆ ಈ ಕಡೆ ಬಂದು, "ಮೈ ಹತ್ತತೈತಿ ತಗೋ, ಹೆಣ್ಣು ಲಗೂನ ಬೆಳೀತಾವ" ಎಂದು ನನಗೆ ಧೈರ್ಯ ಹೇಳುತ್ತಿದ್ದರು. ಧೈರ್ಯವನ್ನು ನಾನು ಕೇಳಿರಲಿಲ್ಲ.

ಆ ಕಡೆ, ಈ ಕಡೆ ಅಂದೆನಲ್ಲ, ನಡುಮನೆಯನ್ನು ಅವ್ವ ಎರಡು ಭಾಗ ಮಾಡಿದ್ದಳು. ಒಂದೇ ಸೂರಿನ ಕೆಳಗೆ ಇಬ್ಬರು ಬಾಣಂತಿಯರು ಇರಬಾರದು. ಇರಲೇಬೇಕಾಗಿ ಬಂದರೆ ಒಬ್ಬಳು ಹಾಲು ಕುಡಿಸುವುದು ಇನ್ನೊಬ್ಬಳ ಕಣ್ಣಿಗೆ ಬೀಳಬಾರದು. ಹಾಲು ಹಾಲನ್ನು ಎಳೆಯುತ್ತದೆ, ಒಬ್ಬಳದು ಬತ್ತಿ ಇನ್ನೊಬ್ಬಳಿಗೆ ಸೇರುತ್ತದೆ ಎಂಬ ನಂಬಿಕೆ. ಅವ್ವ ಗೋಡೆಯಿಂದ ಗೋಡೆಗೆ ಹಗ್ಗ ಬಿಗಿದು ತನ್ನ ಹಳೆಯ ಇಳಕಲ್ ಸೀರೆಯನ್ನು ಅಡ್ಡ ಕಟ್ಟಿದಳು. ಇಬ್ಬರಿಗೂ ಬೇರೆ ಪಾತ್ರೆಯಲ್ಲಿ ಅಳವಿ ಬೀಜದ ಪಾಯಸ, ಬೇರೆ ಡಬ್ಬಿಯಲ್ಲಿ ಅಂಟಿನ ಉಂಡಿ, ಬೇರೆ ಅಗ್ಗಿಷ್ಟಿಕೆ. ನಾವು ಸೀರೆಯ ಆಚೀಚೆ ಮಲಗಿ ಮುಖ ಕಾಣದೆ ಮಾತಾಡಿಕೊಳ್ಳುತ್ತಿದ್ದೆವು. ತಂಗಿಗೆ ಮಾತು ಬಹಳ. ನಾನು ಹೂಂಗುಟ್ಟುತ್ತ ಅವಳ ಪಾಯಸಕ್ಕೆ ಅವ್ವ ಎಷ್ಟು ತುಪ್ಪ ಹಾಕಿದಳೆಂದು ವಾಸನೆ ಹಿಡಿಯುತ್ತಿದ್ದೆ.

ತಂಗಿಯ ಮಗ ಅಳುವುದು ಹೆಚ್ಚಾದಾಗ ಅವ್ವ ಒಂದು ಮಧ್ಯಾಹ್ನ ಎರಡು ಬಟ್ಟಲಲ್ಲಿ ನೀರು ತಂದಳು. ಬಟ್ಟಲ ನೀರಿಗೆ ಹಾಲು ಹಿಂಡಿ ನೋಡುವುದು ಅವಳು ತನ್ನ ಅವ್ವನಿಂದ ಕಲಿತದ್ದು. ಹನಿ ತಳ ಮುಟ್ಟಿದರೆ ಗಟ್ಟಿ ಹಾಲು, ಮೇಲೇ ಹರಡಿದರೆ ನೀರ ಹಾಲು. ನನ್ನ ಹನಿ ಬಿಳೀ ದಾರದಂತೆ ಸರ್ರನೆ ತಳಕ್ಕೆ ಇಳಿಯಿತು. ಸೀರೆಯ ಆ ಕಡೆಯಿಂದ ಅವ್ವ ತಂದ ಬಟ್ಟಲಲ್ಲಿ ನೀರು ಸುಮ್ಮನೆ ಮಸುಕಾಗಿತ್ತು. "ನಿನ್ನ ಹಾಲು ಬಂಗಾರ ನೋಡು" ಎಂದು ಅವ್ವ ಪಿಸುಗುಟ್ಟಿದಳು. ನಾನು ಆ ಮಾತನ್ನು ಹಗಲೆಲ್ಲ ಮೆಲುಕು ಹಾಕಿದೆ. ತಂಗಿಗೆ ಕೇಳಿಸಲಿ ಎಂದು, "ಅವ್ವಾ, ಆಕಿಗೆ ಇನ್ನೊಂದು ಉಂಡಿ ಕೊಡು, ಪಾಪ" ಎಂದು ಗಟ್ಟಿಯಾಗಿ ಹೇಳಿದೆ ಕೂಡ.

ಮಗಳ ತುಟಿಯ ಸುತ್ತ ಮೊದಲು ಕೆಂಪು ಕಂಡದ್ದು ಆಮೇಲೆ ಸ್ವಲ್ಪ ದಿನಕ್ಕೆ. ಹಾಲು ಒರೆಸದೆ ಬಿಟ್ಟಿದ್ದಕ್ಕೆ ಚರ್ಮ ಒಡೆದಿರಬೇಕೆಂದು ಕೊಬ್ಬರಿ ಎಣ್ಣೆ ಹಚ್ಚಿದೆವು. ಕೆಂಪು ಗಲ್ಲಕ್ಕೆ ಇಳಿಯಿತು. ತೊಡೆಯ ಸಂದು, ಕುಂಡೆ, ಬೆರಳ ತುದಿ, ಎಲ್ಲ ಕಡೆ ಸುಟ್ಟಂತೆ ಸಿಪ್ಪೆ ಏಳತೊಡಗಿತು. ಹಳಿಯಾಳದ ಡಾಕ್ಟರು ಮುಲಾಮು ಕೊಟ್ಟರು, ಅದು ಮುಗಿದ ಮೇಲೆ ಇನ್ನೊಂದು ಮುಲಾಮು. ಭೇದಿ ಶುರುವಾಯಿತು. ತಲೆಗೂದಲು ಕೈಗೆ ಬರುತ್ತಿತ್ತು. ಎತ್ತಿಕೊಂಡರೂ ಅಳು, ಮಲಗಿಸಿದರೂ ಅಳು. ಸಣ್ಣಗಿದ್ದ ಕೂಸು ಇನ್ನೂ ಸಣ್ಣಗಾಯಿತು. ನನ್ನ ಮಗಳು ಉಳಿಯುವುದಿಲ್ಲವೇನೋ ಎಂಬ ಭಯ ನನ್ನ ಎದೆ ಹೊಕ್ಕಿತ್ತು, ಆದರೆ ಬಾಯಿಬಿಟ್ಟು ಹೇಳಿದರೆ ಎಲ್ಲಿ ಖರೆಯಾಗುತ್ತದೋ ಎಂದು ಹೇಳಲಿಲ್ಲ.

ಅವ್ವ ಹಾಲಿಗೆ ಉಷ್ಣವಾಗಿದೆ ಅಂದಳು. ನನ್ನ ಬೆಳ್ಳುಳ್ಳಿ ನಿಂತಿತು, ಉಂಡಿ ನಿಂತಿತು, ಬೆಲ್ಲ ನಿಂತಿತು. ತಿಳಿಸಾರು ಮತ್ತು ಮೆತ್ತಗಿನ ಅನ್ನ. ಸೀರೆಯ ಆ ಕಡೆ ಎಲ್ಲ ಮೊದಲಿನಂತೆ ನಡೆದಿತ್ತು. ಹುರಿದ ಬೆಳ್ಳುಳ್ಳಿಯ ವಾಸನೆ ಬಂದಾಗ ನನಗೆ ಹಸಿವಿಗಿಂತ ಅಳುವೇ ಮುಂದಾಗಿ ಬರುತ್ತಿತ್ತು. ಪಥ್ಯದಿಂದ ನಾನು ಒಣಗಿದೆನೇ ಹೊರತು ಮಗಳ ಮೈ ಮಾಯಲಿಲ್ಲ.

"ಖರೆ ಹೇಳು" ಎಂದು ಅವ್ವ ಒಂದು ದಿನ ನನ್ನ ಪಕ್ಕ ಕೂತಳು. "ಸೀರಿ ಸರಿಸಿ ಆ ಕಡೆ ನೋಡಿಯೇನು?"

ನೋಡಿದ್ದೆ. ಎಷ್ಟೋ ಸಲ ನೋಡಿದ್ದೆ. ಅವಳ ಮಗ ಕಾಲು ಝಾಡಿಸುತ್ತ ಕುಡಿಯುವುದನ್ನು, ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚುವುದನ್ನು.

"ನೋಡಿದ್ರೇನಾತು?"

"ಏನಾತಂದ್ರ? ಹೊಟ್ಟ್ಯಾಗ ಬೆಂಕಿ ಇಟ್ಕೊಂಡು ಕುಡಿಸಿದ್ರ ಹಾಲು ತಣ್ಣಗ ಎಲ್ಲಿಂದ ಇರಬೇಕು? ನಿನ್ನ ಕಿಚ್ಚು ಆ ಕೂಸಿನ ಮೈಮ್ಯಾಲೆ ಎದ್ದೈತಿ ನೋಡು."

ಗಾಯದ ಮೇಲೆ ಬರೆ ಎಳೆದಂತಾಯಿತು. ಅಸೂಯೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನನ್ನ ಅಸೂಯೆ ನನ್ನ ಮಗಳನ್ನು ಸುಡುತ್ತಿದೆ ಅನ್ನುವುದನ್ನು ಹೆತ್ತ ತಾಯಿಯ ಬಾಯಿಂದ ಕೇಳುವುದು ಬೇರೆ. ಆಮೇಲೆ ಮಗಳಿಗೆ ಮೊಲೆ ಕೊಡುವಾಗಲೆಲ್ಲ ನಾನು ಬಲವಂತದಿಂದ ಒಳ್ಳೆಯದನ್ನು ಯೋಚಿಸಲು ಹೆಣಗುತ್ತಿದ್ದೆ. ತಂಗಿ ಒಳ್ಳೆಯವಳು, ತಂಗಿಯ ಮಗ ನನ್ನ ಮಗನೇ, ತಂಗಿ ಟೊಪ್ಪಿಗೆ ತಂದಿದ್ದಾಳೆ. ಹಾಗೆ ಜಪಿಸಿದಷ್ಟೂ ಅವಳ ಮೇಲಿನ ಸಿಟ್ಟು ಏರುತ್ತಿತ್ತು.

ನನ್ನ ಗಂಡ ಜೊಯಿಡಾದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ದಾಂಡೇಲಿಯಿಂದ ಅಲ್ಲಿಗೆ ಹೋಗಿಬರುವ ಬಸ್ಸುಗಳೇ ಕಡಿಮೆ, ರಜೆ ಇದ್ದ ದಿನ ಮಾತ್ರ ತೇರಗಾಂವಕ್ಕೆ ಬರುತ್ತಿದ್ದರು. ಬಂದವರು ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತುಬಿಡುತ್ತಿದ್ದರು. ಆ ಕಡೆಯಿಂದ ತಂಗಿಯ ಮಗನ ಕೇಕೆ ಕೇಳಿಸುತ್ತಿತ್ತು. ಅವರು ಆ ಕಡೆ ತಲೆ ತಿರುಗಿಸಿದರೆ ನನಗೆ ಅವರ ಮೇಲೂ ಕೋಪ ಬರುತ್ತಿತ್ತು.

ಒಂದು ಬೆಳಿಗ್ಗೆ ಅವ್ವ ನನಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದಳು. ಬಚ್ಚಲಿಗೂ ಮಗಳ ಅಳು ಕೇಳುತ್ತಿತ್ತು. ಹಾಗೆ ಕೇಳುತ್ತಿದ್ದದ್ದು ಒಮ್ಮೆಲೇ ನಿಂತಿತು. ಒದ್ದೆ ಮೈಗೆ ಸೀರೆ ಸುತ್ತಿಕೊಂಡು ಓಡಿದೆ. ತೊಟ್ಟಿಲು ಖಾಲಿ. ಅಡ್ಡಕಟ್ಟಿದ ಸೀರೆಯನ್ನು ಎಳೆದೆ. ನನ್ನ ಮಗಳು ತಂಗಿಯ ಎದೆಯಲ್ಲಿದ್ದಳು. ಮುಷ್ಟಿ ಬಿಚ್ಚಿ, ಕಣ್ಣು ಮುಚ್ಚಿ, ಒಂದೇ ಸಮನೆ ಕುಡಿಯುತ್ತಿದ್ದಳು.

"ಅಕ್ಕಾ, ಭಾಳ ಅಳಾಕತ್ತಿತ್ತು" ಎಂದಳು ತಂಗಿ. "ನನ್ನ ಕಡೀಂದ ಕೇಳಾಕ ಆಗ್ಲಿಲ್ಲ."

"ಕೊಡಿಲ್ಲಿ" ಅಂದೆ.

ಹಿಂದೆ ಓಡಿಬಂದ ಅವ್ವ ನನ್ನ ರಟ್ಟೆ ಹಿಡಿದಳು. "ಕುಡೀಲಿ ಬಿಡು. ನಿನ್ನ ಕೂಸು ಉಳೀಬೇಕೋ ಬ್ಯಾಡೋ?"

ನಾನು ಅಲ್ಲೇ ನೆಲಕ್ಕೆ ಕೂತೆ. ಅವತ್ತೇ ಅವ್ವ ಸೀರೆ ಬಿಚ್ಚಿ ಮಡಚಿಟ್ಟಳು. ಇಷ್ಟು ದಿನ ಕಾಪಾಡಿದ ಮಡಿಯನ್ನೆಲ್ಲ ಒಂದೇ ಏಟಿಗೆ ಗಂಟು ಕಟ್ಟಿದಳು.

ಅಲ್ಲಿಂದ ಮುಂದೆ ನನ್ನ ಮಗಳು ತಂಗಿಯ ಹಾಲು ಕುಡಿದಳು, ನಾನು ಎದುರಿಗೆ ಕೂತು ನೋಡಿದೆ. ಆಗದವಳ ಹಾಲಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಬಟ್ಟಲಲ್ಲಿ ಸೋತ ಹಾಲು ಅದು, ನೀರಿಗೆ ಬಿದ್ದರೆ ಗುರುತೇ ಸಿಗದಂಥದ್ದು. ಆ ತೆಳ್ಳನೆಯ ಹಾಲಿಗೆ ನನ್ನ ಮಗಳ ಭೇದಿ ಕಟ್ಟಿತು. ತುಟಿಯ ಸುತ್ತಲಿನ ಕೆಂಪು ಕಂದಿತು, ಬೆರಳ ತುದಿಯ ಸಿಪ್ಪೆ ಉದುರಿ ಹೊಸ ಚರ್ಮ ಬಂತು. ಅಳು ನಿಂತು, ಅವಳು ಮೊದಲ ಸಲ ನಕ್ಕಳು. ನಕ್ಕದ್ದು ತಂಗಿಯ ಮುಖ ನೋಡಿ. ಎರಡು ಬಾಯಿ ಎಳೆದಂತೆಲ್ಲ ತಂಗಿಯ ಹಾಲೂ ಹೆಚ್ಚಿತು. ಹಾಲಿಲ್ಲವೆಂದು ಕೊರಗುತ್ತಿದ್ದವಳಿಗೆ ನನ್ನ ಮಗಳೇ ಹಾಲು ತಂದುಕೊಟ್ಟಳು.

ಹಾಲು ಕಟ್ಟಿ ನನ್ನ ಎದೆ ಕಲ್ಲಾಗುತ್ತಿತ್ತು. ಅವ್ವ ಬಿಸಿಬಟ್ಟೆ ಒತ್ತಿ ಹಿಂಡಿಸಿ, ಯಾರೂ ತುಳಿಯಬಾರದೆಂದು ಆ ಹಾಲನ್ನು ಹಿತ್ತಲ ನುಗ್ಗೆ ಮರದ ಬುಡಕ್ಕೆ ಸುರಿಯುತ್ತಿದ್ದಳು. ನೋಡಿ ನೋಡಿ ಸಾಕಾಗಿ ಒಂದು ದಿನ ನಾನೇ ತಂಗಿಯತ್ತ ಕೈ ಚಾಚಿದೆ.

"ನಿನ್ನ ಮಗನ್ನ ಇತ್ತ ಕೊಡು. ನೀ ನನ್ನ ಕೂಸಿಗೆ ಕುಡಿಸು, ನಾ ಇವಗ ಕುಡಿಸ್ತೇನಿ. ಮರಕ್ಕ ಹಾಕೂದು ಯಾಕ?"

ಅವಳು ಪಕ್ಕದಲ್ಲಿ ಮಲಗಿದ್ದ ಮಗನನ್ನು ಕೌದಿ ಸಮೇತ ತನ್ನ ಕಡೆ ಎಳೆದುಕೊಂಡಳು, ಅಷ್ಟೇ. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಹೋಗಿತ್ತು. ಮರುಕ್ಷಣ ನಾಚಿಕೊಂಡು, "ಈಗ ಕುಡದಾನಕ್ಕಾ" ಅಂದಳು. ನಾನು ಆ ಕೈಯನ್ನು ಮರೆಯಲಿಲ್ಲ. ಇವತ್ತಿಗೂ ಮರೆತಿಲ್ಲ. ನನ್ನ ಹಾಲು ಮರಕ್ಕಾದರೂ ಆಗಬಹುದು, ಅವಳ ಮಗನಿಗೆ ಆಗದು.

ಮಗಳ ಮೈ ಪೂರ್ತಿ ತಿಳಿಯಾದ ಕೂಡಲೇ ನಾನು ಹೊರಟು ನಿಂತೆ. ಬಾಣಂತನ ಮುಗಿದಿಲ್ಲ, ಹೀಗೆ ನಡುವೆ ಹೋಗಬಾರದು ಎಂದು ಅವ್ವ ಬೈದಳು, ಅತ್ತಳು. "ಗುಣ ಆತಲ್ಲ, ಇನ್ನೇನು?" ಎಂದು ಗಂಡನನ್ನು ಕರೆಸಿಕೊಂಡು ದಾಂಡೇಲಿಯ ಬಸ್ಸು ಹತ್ತಿದೆ. ಬೀಳ್ಕೊಡುವಾಗ ತಂಗಿ ನನ್ನ ಮಗಳಿಗೆ ಕೊನೆಯದಾಗಿ ಹಾಲು ಕುಡಿಸಿ ಕೊಟ್ಟಳು. ನಾನು ಮಗುವಿನ ತುಟಿಯನ್ನು ಸೆರಗಿನಿಂದ ಬೇಕಾದ್ದಕ್ಕಿಂತ ಗಟ್ಟಿಯಾಗಿ ಒರೆಸಿದೆ.

ದಾಂಡೇಲಿಯಲ್ಲಿ ಎರಡು ದಿನ ಮಗಳು ನನ್ನ ಎದೆಗೆ ಮುಖ ತಿರುಗಿಸಿದಳು. ವಾಸನೆ ಬೇರೆ ಎಂದು ಅವಳಿಗೆ ತಿಳಿದಿತ್ತು. ಕೊನೆಗೆ ಹಸಿವು ಗೆದ್ದಿತು, ಬಾಯಿಟ್ಟಳು. ಸಂಜೆ ಜೊಯಿಡಾದಿಂದ ಬಂದ ಗಂಡ ಚಪ್ಪಲಿ ಬಿಡುವ ಮೊದಲೇ, "ಕುಡಿದ್ಲು ರೀ" ಎಂದೆ. ಅಷ್ಟು ಖುಷಿ ಮದುವೆಯ ದಿನವೂ ನನಗೆ ಆಗಿರಲಿಲ್ಲ. ರಜೆಯ ದಿನ ಅವಳನ್ನು ಎತ್ತಿಕೊಂಡು ಮೌಳಂಗಿಗೆ ಹೋಗಿ, ನದಿ ದಂಡೆಯ ಪಾರ್ಕಿನಲ್ಲಿ ನಾಲ್ಕು ಜನ ನೋಡುವಂತೆ ಸೆರಗು ಮರೆಮಾಡಿಕೊಂಡು ಹಾಲು ಕುಡಿಸಿದೆ. ತಾಯಿ ಮಗು ಎಂದು ಜನ ನೋಡಿದರೆ ನೋಡಲಿ ಎಂದೇ.

ಮೌಳಂಗಿಯಿಂದ ಬಂದ ಕೆಲವು ದಿನಕ್ಕೆ ತುಟಿಯ ಅಂಚು ಮತ್ತೆ ಕೆಂಪಾಯಿತು.

ಗಂಡ ಅದನ್ನು ನೋಡಿ, "ತೇರಗಾಂವಕ್ಕ ಹೋಗೂಣು" ಅಂದರು.

"ಹುಬ್ಬಳ್ಳಿಗೆ ಹೋಗೂಣು" ಅಂದೆ ನಾನು.

"ಅಲ್ಲಿ ಗುಣ ಆಗಿತ್ತಲ್ಲ ಅಂತ ಅಂದೆ."

"ಅದಕ್ಕ ಅಲ್ಲಿ ಬ್ಯಾಡ ಅನ್ನಾಕತ್ತೇನಿ. ಹುಬ್ಬಳ್ಳಿಗೆ ಹೋಗೂಣು, ಬೆಳಗಾವಿಗೆ ಹೋಗೂಣು, ನೀವು ಹೇಳಿದಲ್ಲೆ ಬರ್ತೇನಿ. ಆಕಿ ಕೈಯಾಗ ಮಾತ್ರ ಮತ್ತ ಕೊಡೂದಿಲ್ಲ."

ಹೀಗೆ ನಾನು ಮಗಳನ್ನು ದೊಡ್ಡ ಡಾಕ್ಟರ ಹತ್ತಿರ ಒಯ್ದದ್ದು ಬುದ್ಧಿವಂತಿಕೆಯಿಂದಲ್ಲ. ತಂಗಿ ಇರುವ ಮನೆಯ ಬಾಗಿಲು ತುಳಿಯಬಾರದೆಂಬ ಹಟಕ್ಕೆ. ಸುದ್ದಿ ಕೇಳಿ ಅವ್ವ ಹಳಿಯಾಳ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಬಸ್ಸಿಗೇ ಹತ್ತಿದಳು. ದಾರಿಯುದ್ದಕ್ಕೂ ನಾನು ಅವಳೊಡನೆ ಮಾತಾಡಲಿಲ್ಲ.

ಹುಬ್ಬಳ್ಳಿಯ ಮಕ್ಕಳ ಡಾಕ್ಟರು ನನಗಿಂತ ಸ್ವಲ್ಪ ದೊಡ್ಡ ಹೆಂಗಸು. ಮಗಳ ಬಾಯಿ, ಬೆರಳು, ಕುಂಡೆ, ತಲೆ ಎಲ್ಲ ನೋಡಿ, ಮೊದಲಿನಿಂದ ಹೇಳಿರಿ ಅಂದರು. ನಾನು ಹೇಳಿದೆ, ತಂಗಿಯ ಸುದ್ದಿಯೊಂದನ್ನು ಬಿಟ್ಟು. ಬಿಟ್ಟದ್ದನ್ನು ಗಂಡ ತುಂಬಿದರು.

"ನಡುವ ಒಮ್ಮೆ ಪೂರಾ ಆರಾಮ ಆಗಿತ್ರಿ. ಈಕಿ ತಂಗಿ ಹಾಲು ಕುಡಿಸಿದಾಗ."

ಬರೆಯುತ್ತಿದ್ದ ಡಾಕ್ಟರು ತಲೆಯೆತ್ತಿದರು. "ಬರೇ ತಂಗಿ ಹಾಲಿಂದ? ಔಷಧ ಇರ್ಲಿಲ್ಲ?"

"ಇಲ್ರಿ."

"ನಿಮ್ಮ ಹಾಲಿಗೆ ಬಂದ ಮ್ಯಾಲೆ ಮತ್ತ ಶುರು?" ಎಂದು ನನ್ನನ್ನು ಕೇಳಿದರು.

ನಾನು ತಲೆ ತಗ್ಗಿಸಿದೆ. ಇನ್ನು ಇವರೂ ಹಾಲು ಕೆಟ್ಟಿದೆ ಅನ್ನುತ್ತಾರೆ ಎಂದು ಕಾದೆ. ಅವ್ವ ಮುಂದೆ ಬಾಗಿ, "ಈಕಿ ಸಿಟ್ಟಿನಾಕಿರಿ, ಹಾಲು ಉಷ್ಣ ಆಗೇತ್ರಿ" ಎಂದಳು.

"ಸಿಟ್ಟಿನದಲ್ರಿ ಅವ್ವಾರ, ಊಟದ್ದೂ ಅಲ್ಲ" ಅಂದರು ಡಾಕ್ಟರು. ಆಮೇಲೆ ನನಗೇ ಹೇಳತೊಡಗಿದರು. ಮಗುವಿನ ರಕ್ತ ಪರೀಕ್ಷೆಗೆ ಕಳಿಸಬೇಕು, ಆದರೆ ತಮಗೆ ಅನುಮಾನ ಬಂದದ್ದು ಒಂದರ ಮೇಲೆ. ಜಿಂಕ್, ಅಂದರೆ ಸತುವು, ಹಾಲಿನಲ್ಲಿ ಚಿಟಿಕೆಯಷ್ಟು ಇರಬೇಕು. ಕೂಸಿನ ಚರ್ಮ ಕಟ್ಟುವುದಕ್ಕೆ ಅದು ಬೇಕೇ ಬೇಕು. ತಾಯಿಯ ರಕ್ತದಲ್ಲಿರುವ ಸತುವನ್ನು ಹೊತ್ತು ಹಾಲಿಗೆ ಹಾಕುವ ಒಂದು ವ್ಯವಸ್ಥೆ ಎದೆಯೊಳಗಿದೆ, ಅದು ಹೇಗೆ ಕೆಲಸ ಮಾಡಬೇಕೆಂದು ಹೇಳುವುದು ಒಂದು ಜೀನ್. ಆ ಜೀನಿನಲ್ಲಿ ಹುಟ್ಟಿನಿಂದಲೇ ದೋಷವಿದ್ದರೆ ತಾಯಿ ಗಟ್ಟಿಮುಟ್ಟಾಗಿರುತ್ತಾಳೆ, ಹಾಲೂ ಧಾರಾಳ ಇರುತ್ತದೆ, ನೋಡಲಿಕ್ಕೂ ದಪ್ಪಗೆ ಇರುತ್ತದೆ, ಸತುವು ಮಾತ್ರ ಅದರೊಳಗೆ ಬರುವುದಿಲ್ಲ.

"ಹಂಗಾರ ನಾ ಜಿಂಕ್ ಗುಳಿಗಿ ತಗೋತೇನ್ರಿ" ಅಂದೆ.

"ನೀವು ಎಷ್ಟು ನುಂಗಿದ್ರೂ ಅದು ನಿಮ್ಮ ರಕ್ತದಾಗ ಉಳೀತದ, ಹಾಲಿಗೆ ದಾಟೂದಿಲ್ಲ. ಕೂಸಿಗೆ ನೇರ ಬಾಯಿಗೆ ಹಾಕಬೇಕು, ಹನಿ ಔಷಧ ಬರ್ಕೊಡ್ತೇನಿ. ಹಾಲು ಬಿಡಿಸಬ್ಯಾಡ್ರಿ. ನಿಮ್ಮ ಹಾಲಿನ್ಯಾಗ ಬಾಕಿ ಎಲ್ಲಾ ಐತಿ. ಒಬ್ಬೊಬ್ಬ ತಾಯಿ ಹಾಲು ಒಂದೊಂದು ಥರ ಇರ್ತದ. ಕೊಬ್ಬು, ಸಕ್ಕರಿ ಎಲ್ಲಾದರಾಗೂ ಸ್ವಲ್ಪ ಫರಕ. ಒಂದಿಷ್ಟು ಉಂಡದ್ದರಿಂದ, ಒಂದಿಷ್ಟು ಹುಟ್ಟಿನಿಂದ."

"ಒಂದ ಹೊಟ್ಟ್ಯಾಗ ಹುಟ್ಟೇವ್ರಿ ನಾನೂ ಆಕಿನೂ. ಆಕಿಗ್ಯಾಕಿಲ್ಲ?"

ಮಗಳ ಚಿಂತೆಗಿಂತ ಆ ಪ್ರಶ್ನೆಯೇ ಮೊದಲು ಬಾಯಿಗೆ ಬಂತು. ಡಾಕ್ಟರು ನಕ್ಕರು. ಪ್ರತಿಯೊಬ್ಬರಲ್ಲೂ ಆ ಜೀನಿನ ಎರಡು ಪ್ರತಿ ಇರುತ್ತವೆ, ಒಂದು ಅಪ್ಪನ ಕಡೆಯದು, ಒಂದು ಅವ್ವನ ಕಡೆಯದು, ಅವುಗಳಲ್ಲಿ ಒಂದು ಕೆಟ್ಟರೂ ಸಾಕು. ಅವ್ವನಲ್ಲಿರುವ ಎರಡರಲ್ಲಿ ಒಂದು ಕೆಟ್ಟದ್ದಿದ್ದರೆ ಒಬ್ಬ ಮಗಳಿಗೆ ಕೆಟ್ಟದ್ದು ಹೋಗಬಹುದು, ಇನ್ನೊಬ್ಬಳಿಗೆ ಒಳ್ಳೆಯದು. "ಯಾರೂ ಆರಿಸಿ ಕೊಡೂದಿಲ್ರಿ" ಅಂದರು. ನನ್ನ ಮಗಳಿಗೂ ಹೋಗಿರಬಹುದು, ಹೋಗಿರದೆಯೂ ಇರಬಹುದು, ಅದು ಅವಳು ತಾಯಿಯಾದಾಗಿನ ಮಾತು ಅಂದರು.

ಬೇರೆಯವರಾಗಿದ್ದರೆ ತಪ್ಪು ತಮ್ಮದಲ್ಲವೆಂದು ತಿಳಿದು ಹಗುರಾಗುತ್ತಿದ್ದರೇನೋ. ನನಗೆ ಹಗುರಾಗಲಿಲ್ಲ. ಅವಳ ಬಣ್ಣ, ಅವಳ ನೇರ ಕೂದಲು, ಬೇಗ ಕಟ್ಟಿದ ಅವಳ ಬಸಿರು, ಎಲ್ಲಕ್ಕೂ ಮೊದಲು, ನಾವು ಕಣ್ಣು ಬಿಡುವ ಮೊದಲೇ, ಒಳಗೆ ಹಂಚಿಕೆ ನಡೆದುಹೋಗಿತ್ತು. ಒಳ್ಳೆಯದು ಅವಳಿಗೆ, ಕೆಟ್ಟದ್ದು ನನಗೆ. ಇಷ್ಟು ದಿನ ನನಗೆ ಅವಳು ಮಾಡಿದ್ದರ ಮೇಲೆ ಹೊಟ್ಟೆಕಿಚ್ಚಿತ್ತು, ಈಗ ಅವಳು ಹುಟ್ಟಿದ್ದರ ಮೇಲೆ ಬಂತು.

ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ನನ್ನ ತೊಡೆಯ ಮೇಲೆ ಮಲಗಿದ್ದಳು. ಕಿಟಕಿಯತ್ತ ಮುಖ ಮಾಡಿ ಕೂತಿದ್ದ ಅವ್ವ ನನ್ನ ಕಡೆ ನೋಡದೆಯೇ ಬಾಯಿಬಿಟ್ಟಳು.

"ನಿನಗೂ ಹಿಂಗ ಆಗಿತ್ತು. ಬಾಯಿ, ಕುಂಡಿ, ಹಿಂಗ ಸುಟ್ಟಂಗ."

"ಮತ್ತ ಹೆಂಗ ಗುಣ ಆತು?"

"ನಿನ್ನ ದೊಡ್ಡವ್ವ ಹಾಲು ಕುಡಿಸಿದ್ಲು."

ದೊಡ್ಡವ್ವ ಅಂದರೆ ಅಪ್ಪನ ಅಣ್ಣನ ಹೆಂಡತಿ. ನಮ್ಮ ಗೋಡೆಗೆ ಅಂಟಿದ ಮನೆ ಅವರದು. ಅವ್ವ ಅವರ ಮನೆಯ ಹೊಸ್ತಿಲು ತುಳಿದದ್ದನ್ನು ನಾನು ಕಂಡಿಲ್ಲ. ಹೊಲದ ಬದುವಿನ ಜಗಳವೆಂದು ನಾವು ಮಕ್ಕಳು ತಿಳಿದಿದ್ದೆವು.

"ನಿನ್ನ ತಂಗಿ ಹುಟ್ಟಿದಾಗ ನಾ ಮೊದಲ ಆಡಿನ ಹಾಲು ಹಚ್ಚಿಬಿಟ್ಟೆ. ಮತ್ತ ನಿನ್ನ ದೊಡ್ಡವ್ವನ ಕೈಯಾಗ ಕೊಡೂ ಗೋಜ ಬ್ಯಾಡಂತ. ನೀ ಸಣ್ಣಾಕಿ ಇದ್ದಾಗ ಬಿದ್ದು ಅತ್ರ ಅವರ ಮನಿ ಕಡೆ ಓಡ್ತಿದ್ದಿ. ಆಕಿ ಮಾರಿ ಕಂಡ್ರ ನನಗ ಈಗೂ ಹೊಟ್ಟಿ ಉರಿತೈತಿ."

"ಇದನ್ನ ಮೊದಲ ಹೇಳಿದ್ರ ಏನಾಗತಿತ್ತವ್ವಾ?"

"ಏನಂತ ಹೇಳ್ಲಿ? ನಮ್ಮ ವಂಶದ ಹಾಲ ಕೆಟ್ಟದ್ದು ಅಂತ ನಿಮ್ಮ ಅತ್ತಿಮನ್ಯಾಗ ಸುದ್ದಿ ಆಗ್ಲಿ ಅಂತೇನು?"

ಹಾಗೆಂದವಳು ಎಲ್ಲ ಗೊತ್ತಿದ್ದೂ ತಪ್ಪನ್ನು ನನ್ನ ಹೊಟ್ಟೆಕಿಚ್ಚಿನ ಮೇಲೆ ಹಾಕಿದ್ದಳು. ಬಯ್ಯಬೇಕೆಂದು ಬಾಯಿ ತೆರೆದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಷ್ಟು ವರ್ಷ ಗೋಡೆಯಾಚೆಯ ಒಬ್ಬ ಮುದುಕಿಯ ಮೇಲೆ ಉರಿದುಕೊಂಡು ಬದುಕಿದವಳನ್ನು ಬೈದು ಏನು ಮಾಡುವುದು? ಹಳಿಯಾಳ ಬಂತು, ಅವ್ವ ಇಳಿದು ಹೋದಳು.

ಹನಿ ಔಷಧ ಕೆಲಸ ಮಾಡಿತು. ದಿನಾ ಹಾಲಿಗೆ ಮೊದಲು ಪುಟ್ಟ ಸಿರಿಂಜಿನಿಂದ ಮಗಳ ಬಾಯಿಗೆ ಹಾಕುತ್ತಿದ್ದೆ, ಹುಳಿ ಮುಖ ಮಾಡಿ ನುಂಗುತ್ತಿದ್ದಳು, ಆಮೇಲೆ ನನ್ನ ಹಾಲು. ವಾರ ತುಂಬುವುದರೊಳಗೆ ಕೆಂಪು ಇಳಿಯಿತು. ರಕ್ತದ ವರದಿಯೂ ಡಾಕ್ಟರ ಮಾತನ್ನೇ ಹೇಳಿತು. ಮಗಳು ಮೈದುಂಬಿದಳು, ಕೂದಲು ಹುಟ್ಟಿತು, ನನ್ನನ್ನು ಕಂಡರೆ ಕಾಲು ಬಡಿಯತೊಡಗಿದಳು. ಅವಳು ನನ್ನವಳಾಗಿದ್ದಳು. ನಾನು ತಂಗಿಗೆ ಮಾತ್ರ ಸುದ್ದಿ ಹೇಳಲಿಲ್ಲ. ಅವ್ವನಿಂದ ಕೇಳಿರುತ್ತಾಳೆ ಎಂದು ಬಿಟ್ಟೆ.

ಕೊನೆಗೆ ಅವಳೇ ಫೋನ್ ಮಾಡಿದಳು. ಮುಂಡಗೋಡಕ್ಕೆ ವಾಪಸು ಹೋಗಿದ್ದಳು. ಸಂಜೆ, ನಾನು ದೇವರಿಗೆ ದೀಪ ಹಚ್ಚಿ ಬಂದು ಕೂತಿದ್ದೆ, ಮಗಳು ತೊಟ್ಟಿಲಲ್ಲಿ ಮಲಗಿದ್ದಳು.

"ಅಕ್ಕಾ, ಹುಡುಗಿ ಹೆಂಗದಾಳ?"

"ಆರಾಮ. ನನ್ನ ಹಾಲ ಕುಡಿತಾಳ."

"ಅವ್ವ ಹೇಳಿದ್ಲು. ಅದೇನೋ ಔಷಧ ಅಂತಲ್ಲ."

"ಹೂಂ. ನಿನ್ನ ಹಾಲಿನ್ಯಾಗ ಇದ್ದದ್ದು ಈಗ ಬಾಟ್ಲಿಯೊಳಗ ಸಿಗತೈತಿ."

ಹೇಳಬೇಕೆಂದು ಎಷ್ಟು ದಿನದಿಂದ ಇಟ್ಟುಕೊಂಡಿದ್ದ ಮಾತೋ ಅದು. ಅವಳು ತಿರುಗಿ ಬೈದಿದ್ದರೆ ನನಗೆ ತೃಪ್ತಿಯಾಗುತ್ತಿತ್ತು.

"ಚಲೋ ಆತು ಬಿಡಕ್ಕಾ" ಅಂದಳು. ಆಮೇಲೆ ಮುಂದುವರಿಸಿದಳು, "ಒಂದ ಮಾತು ಹೇಳ್ತೇನಿ, ನಗಬ್ಯಾಡ. ಈ ಹೊತ್ತಿಗೆ ನನಗ ಇನ್ನೂ ಹಾಲು ಇಳೀತೈತಿ. ಇವ ಕುಡದು ಮಲಗಿರ್ತಾನ, ಆದ್ರೂ ಇಳೀತೈತಿ. ಆಕಿ ಕುಡಿಯೂ ಹೊತ್ತು ಇದು, ಅದಕ್ಕ."

ಅಷ್ಟರಲ್ಲಿ ತೊಟ್ಟಿಲು ಅಲುಗಿತು. ಮಗಳು ಎದ್ದು, ಹಸಿವಿನ ಮೊದಲ ದನಿ ತೆಗೆದು, ಆಮೇಲೆ ಪೂರ್ತಿ ಅತ್ತಳು.

"ಆಕೀನಾ?" ಎಂದಳು ತಂಗಿ. ಅವಳ ದನಿಯೇ ಬೇರೆಯಾಗಿತ್ತು. "ಎದ್ಲೇನು? ಅಕ್ಕಾ, ಫೋನ್ ಒಂದ್ ಸ್ವಲ್ಪ ಆಕಿ ಹತ್ರ ಹಿಡಿ. ಬರೇ ಕೇಳ್ತೇನಿ."

ನಾನು ಫೋನನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿದೆ. ಮುಚ್ಚಿದ ಕೈಯೊಳಗೂ ಅವಳು "ಅಕ್ಕಾ, ಅಕ್ಕಾ" ಅನ್ನುವುದು ಕೇಳುತ್ತಿತ್ತು. ಫೋನ್ ಬಂದ್ ಮಾಡಿ, ಮಗಳನ್ನು ಎತ್ತಿಕೊಂಡೆ.